‘ಉದಾಸೀನ’, ‘ಬೇಜಾರು’, ‘ಜೀವ ತೆಗೆದುಕೊಳ್ಳುವುದು’: ತುರ್ತು ವಿಭಾಗದಲ್ಲಿ ಹೇಗೆ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕಾಗಿ, ಬಂದವರ ಮನಸ್ಸಿನ ಸ್ಥಿತಿ ವಿಚಾರಿಸುವ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕೆಲವು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

‘ಉದಾಸೀನ’ಕ್ಕೆ ನಿಘಂಟಿನ ಅರ್ಥ ಅಸಡ್ಡೆ. ನಮ್ಮ ಮಂಗಳೂರು, ಉಡುಪಿ ಕಡೆ “ಏಳ್ಲಿಕ್ಕೇ ಉದಾಸೀನ” ಅಂದರೆ ಸೋಮಾರಿತನ. ಖಿನ್ನತೆ ಇರುವವರೂ ಇದೇ ಮಾತು ಹೇಳುತ್ತಾರೆ: “ಸ್ನಾನಕ್ಕೂ ಉದಾಸೀನ, ಊಟಕ್ಕೂ ಉದಾಸೀನ.” ಘಟ್ಟದ ಮೇಲಿನ ಡಾಕ್ಟರಿಗೆ ಇದು ಕಾಯಿಲೆಯ ಬಗ್ಗೆ ಅಸಡ್ಡೆ ಅಂತ ಕೇಳಿಸಬಹುದು. ಪಿಎಚ್‌ಕ್ಯು-9 ಎಂಬ, ಖಿನ್ನತೆ ಗುರುತಿಸುವ ಪ್ರಶ್ನೆಗಳ ಪಟ್ಟಿಯ ಮೊದಲ ಪ್ರಶ್ನೆಯೇ ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದ್ದರ ಬಗ್ಗೆ. ‘ನಿರಾಸಕ್ತಿ’ ಅಂತ ಬರೆದರೆ ಮಲ್ಪೆ ಬಂದರಿನಿಂದ ಬಂದವರಿಗೆ ಅದು ಮುಟ್ಟುವುದಿಲ್ಲ. “ಮೊದಲು ಇಷ್ಟ ಇದ್ದದ್ದು ಈಗ ಬೇಡ ಅನ್ನಿಸ್ತದಾ?” ಸಾಕಾ?

‘ಬೇಜಾರು’ ಇನ್ನೂ ಕಷ್ಟ. ಬೋರ್, ದುಃಖ, ಮುನಿಸು ಎಲ್ಲದಕ್ಕೂ ಅದೊಂದೇ. ‘ಮಂಡೆಬೆಚ್ಚ’ ಅಂದರೆ ಚಿಂತೆ ಅಂತ ಹೊರಗಿನವರಿಗೆ ಹೇಳಿಕೊಡಲೇಬೇಕು.

ನನಗೆ ಜಾಸ್ತಿ ಕಾಡುವುದು ಕೊನೆಯ ಪ್ರಶ್ನೆ. ‘ಆತ್ಮಹತ್ಯೆ’ ಎಂದ ಕೂಡಲೇ ಮನೆಯವರಿಗೆ ಪೊಲೀಸು, ಕೇಸು ನೆನಪಾಗುತ್ತದೆ. “ಏನೋ ಗೊತ್ತಾಗದೆ ಆದದ್ದು” ಎಂದು ಮುಚ್ಚಿಬಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಹಾಗೆ ಮಾಡಿಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ತಿಳಿಯಬೇಕು ಅನ್ನುತ್ತದೆ. ಹೆದರಬೇಕಿಲ್ಲ ಎಂಬ ಆ ಭರವಸೆ ಪ್ರಶ್ನೆಯ ಮಾತಿನಲ್ಲೇ ಸಿಗಬೇಕು ಅಲ್ವಾ? ಹಾಗಂತ ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿಯೇ ಬರುತ್ತದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆಗೆ ಆಧಾರವಿಲ್ಲ.

ಆತ್ಮಹತ್ಯೆಯ ಅಪಾಯ ತಿಳಿಯಲು ಬಳಸುವ ಕೊಲಂಬಿಯಾ ಪ್ರಶ್ನೆಪಟ್ಟಿಯಲ್ಲಿ ಮೊದಲು ಸಾವಿನ ಆಸೆ, ಆಮೇಲೆ ಜೀವ ತೆಗೆದುಕೊಳ್ಳುವ ಯೋಚನೆ ಕೇಳುತ್ತಾರೆ. ನಾವು ಬರೆದದ್ದು ಹೀಗಿದೆ:

“ಮಲಗಿದರೆ ಮತ್ತೆ ಏಳುವುದೇ ಬೇಡ ಅನ್ನಿಸಿದ್ದುಂಟಾ?”
“ನಿಮ್ಮ ಜೀವ ನೀವೇ ತೆಗೆದುಕೊಳ್ಳುವ ಯೋಚನೆ ಬಂದದ್ದುಂಟಾ?”

‘ಜೀವ ಕಳೆದುಕೊಳ್ಳುವುದು’ ಮೃದುವಾಗಿದೆ. ಆದರೆ ಅಪಘಾತಕ್ಕೂ ಅದನ್ನೇ ಹೇಳುತ್ತೇವೆ, ಅದಕ್ಕೇ ಬಿಟ್ಟೆವು. ‘ಉಂಟಾ’ ನಮಗೆ ಮನೆಯ ಮಾತು, ‘ಇದೆಯೇ’ ಪರೀಕ್ಷೆಯ ಹಾಗೆ ಕೇಳಿಸುತ್ತದೆ. ಪಟ್ಟಿಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ದೊಡ್ಡದಾಗಿ ಹಾಕುತ್ತಿದ್ದೇವೆ.

ಕುಂದಾಪುರ ಕಡೆಯವರು, ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು ದಯವಿಟ್ಟು ಹೇಳಿ: ಎರಡನೆಯ ಪ್ರಶ್ನೆಯನ್ನು ನಿಮ್ಮ ಅಜ್ಜಿಗೆ ಕೇಳಿದರೆ ಸರಿಯಾಗಿ ಅರ್ಥವಾಗುತ್ತದಾ? ಅವರು ಇದಕ್ಕೆ ಯಾವ ಮಾತು ಬಳಸುತ್ತಾರೆ?