ಎಸ್ಟೀಮ್ 1.3: ಹೆಡ್ಡರ್ ಹಾಕಿದ ಮೇಲೆ ಐಡಲ್ ಕುಣಿತ, ಪ್ಲಗ್ ಮಸಿ, ಪಿಕಪ್ ಇಲ್ಲ

ಎಸ್ಟೀಮ್_ಪುತ್ತೂರು
2004ರ ಮಾರುತಿ ಎಸ್ಟೀಮ್ ಕಾರು, ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್). 4-2-1 ಹೆಡ್ಡರ್ (ನಾಲ್ಕು ಸಿಲಿಂಡರಿನ ಹೊಗೆ ಪೈಪು ಎರಡಾಗಿ, ಮತ್ತೆ ಒಂದಾಗಿ ಸೇರುವ ಎಕ್ಸಾಸ್ಟ್) ಮನೆಯಲ್ಲೇ ಕೂರಿಸಿದ್ದು, ಹಿಂದಕ್ಕೆ 2 ಇಂಚು ಪೈಪು, ಮುಂದೆ ಕೋನ್ ಫಿಲ್ಟರ್. ಪವರ್ ಬರುವುದು ಬಿಡಿ, ಇದ್ದದ್ದೂ ಹೋಯಿತು. ಐಡಲ್ (ಎಕ್ಸಿಲರೇಟರ್ ಒತ್ತದಿರುವಾಗಿನ ಓಟ) 700ರಿಂದ 1200 ಆರ್‌ಪಿಎಂಗೆ ಹತ್ತುತ್ತದೆ, ಇಳಿಯುತ್ತದೆ. 2500–3000ದಲ್ಲಿ ಎಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ನಾಲ್ಕೂ ಪ್ಲಗ್ ಕಾಡಿಗೆ ಹಾಗೆ ಕಪ್ಪು. ಮೈಲೇಜ್ 14 ಇದ್ದದ್ದು 9. ಪೆಟ್ರೋಲ್ ಪ್ರೆಶರ್ ನೋಡಿಯಾಯಿತು, ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್) ಹೊಸದು, ಚೆಕ್ ಎಂಜಿನ್ ಲೈಟ್ ಮಿಣುಕಿಸಿ ನೋಡಿದರೆ ಕೋಡ್ 12 ಮಾತ್ರ, ಅಂದರೆ ಎಂತ ತೊಂದರೆಯೂ ಇಲ್ಲವಂತೆ! ಎಂತ ಮಾಡುವುದು ಮಾರಾಯ್ರೆ?

ಬೆಲ್ಟ್_ಗುರು
ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ, ವಾಲ್ವ್ ತೆರೆಯೋ ಕ್ಯಾಮ್ ತಿರುಗಿಸೋದು) ಒಂದು ಹಲ್ಲು ಆಚೆ ಈಚೆ ಆಗಿದೆ. ಬೇರೆ ಏನೂ ನೋಡೋದೇ ಬೇಡ ಗುರು. ಕವರ್ ಬಿಚ್ಚಿ, ಮಾರ್ಕ್ ಕೂಡಿಸಿ, ಮುಗೀತು.

ಲ್ಯಾಂಬ್ಡಾ
ಹೆಡ್ಡರ್ ಹಾಕೋಕೆ ಬೆಲ್ಟ್ ಯಾರು ಮುಟ್ತಾರೆ?

ಎಸ್ಟೀಮ್_ಪುತ್ತೂರು
ನಾನು ಮುಟ್ಟಿದ್ದೇನೆ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿದ್ದೆ. ಅದರ ಅಡಿ 1 ಎಂಎಂ ಫೇಸಿಂಗ್ (ಕೊರೆದು ಸಮ) ಮಾಡಿಸಿದ್ದು, ಕಂಪ್ರೆಷನ್ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಏರಲಿ ಅಂತ. ಅದು ಹೇಳಬೇಕಾದ ವಿಷಯ ಅಂತ ಅನ್ನಿಸಲಿಲ್ಲ, ಎಲ್ಲರೂ ಮಾಡ್ತಾರಲ್ಲ.

ಬೆಲ್ಟ್_ಗುರು
ನೋಡಿ! ಹೇಳಿದ್ನಲ್ಲ.

ಪೀಣ್ಯ_ಮಷಿನಿಂಗ್
1 ಎಂಎಂ ಅಂದ್ರೆ ಸಣ್ಣ ವಿಷಯ ಅಲ್ಲ ಸಾರ್. ಲೆಕ್ಕ ಹಾಕಿ. ಬೋರ್ (ಸಿಲಿಂಡರ್ ವ್ಯಾಸ) 74, ಸ್ಟ್ರೋಕ್ (ಪಿಸ್ಟನ್ ಓಡಾಟ) 75.5 ಎಂಎಂ, ಒಂದು ಸಿಲಿಂಡರಿಗೆ ಸುಮಾರು 325 ಸಿಸಿ. 9.5 ಕಂಪ್ರೆಷನ್ ಅಂತ ಹಿಡಿದ್ರೆ ಮೇಲುಗಡೆ ಉಳಿಯೋ ಜಾಗ 38 ಸಿಸಿ ಚಿಲ್ಲರೆ. 1 ಎಂಎಂ ತೆಗೆದ್ರೆ ಬೋರ್ ಪೂರ್ತಿ ವೃತ್ತದ 4.3 ಸಿಸಿ ಹೋಗಲ್ಲ. ಛೇಂಬರ್ (ಹೆಡ್ಡಿನಲ್ಲಿ ಮಿಶ್ರಣ ಉರಿಯೋ ಗುಳಿ) ಬಾಯಿ ಬೋರಿಗಿಂತ ಚಿಕ್ಕದು, ಅದರ ಅಂಚಿನ ಸ್ಕ್ವಿಶ್ ಜಾಗ ಮೊದಲೇ ಚಪ್ಪಟೆ. ಹಾಗಾಗಿ 3 ಸಿಸಿ ಹತ್ತಿರ. 35 ಉಳಿದ್ರೆ ಕಂಪ್ರೆಷನ್ 10.3. ಅಂದಾಜು ಬೇಡ ಅಂದ್ರೆ ಹೆಡ್ ತಲೆಕೆಳಗೆ ಮಾಡಿ, ಪ್ಲಗ್ ಹಾಕಿ, ವಾಲ್ವ್ ಅಂಚಿಗೆ ಗ್ರೀಸ್ ಸವರಿ, ತೂತು ಇರೋ ಅಕ್ರಿಲಿಕ್ ತುಂಡು ಮುಚ್ಚಿ, 50 ಎಂಎಲ್ ಸಿರಿಂಜಿಂದ ಸೀಮೆಎಣ್ಣೆ ಬಿಟ್ಟು ಅಳೀರಿ. ನಾಲ್ಕಕ್ಕೂ ಅರ್ಧ ಸಿಸಿ ಒಳಗೆ ವ್ಯತ್ಯಾಸ ಇರಬೇಕು.

ಇನ್ನೊಂದು. ಹೆಡ್ ಕೆಳಗೆ ಬಂದಷ್ಟೂ ಕ್ಯಾಮ್ ಹಿಂದೆ ಬೀಳುತ್ತೆ. ಟೆನ್ಷನರ್ ಇರೋದು ಬೆಲ್ಟಿನ ಸಡಿಲ ಕಡೆ, ಎಳೆಯೋ ಕಡೆ ಉದ್ದ ಬದಲಾಗಲ್ಲ, ಆ 1 ಎಂಎಂ ಅನ್ನ ಕ್ಯಾಮ್ ಹಿಂದಕ್ಕೆ ತಿರುಗಿ ಸರಿದೂಗಿಸಬೇಕು. ಕ್ಯಾಮ್ ಪುಲ್ಲಿ ಸುತ್ತಳತೆ 335 ಎಂಎಂ ಅಂತ ಇಟ್ಕೊಂಡ್ರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ನಿಮ್ಮ ಪುಲ್ಲಿಗೆ ನೂಲು ಸುತ್ತಿ ನೋಡ್ಕೊಳ್ಳಿ. 2 ಡಿಗ್ರಿಗೆ ಐಡಲ್ ಕುಣಿಯಲ್ಲ. 8 ಎಂಎಂ ಹಲ್ಲು ಒಂದು ಪೂರ್ತಿ ತಪ್ಪಿದ್ರೆ 17 ಡಿಗ್ರಿ, ಆಗ ಕುಣಿಯುತ್ತೆ.

ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಜಾಗ ನೋಡಿದ್ರಾ? ಮಕ್ಕಳ ಆಟದ ಕ್ಲೇ ಪಿಸ್ಟನ್ ಮೇಲಿಟ್ಟು, ಹಳೆ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿ ಮಾಡಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ಕುಯ್ದು ಅಳೆಯೋದು. ಇನ್‌ಟೇಕಿಗೆ 2 ಎಂಎಂ, ಎಕ್ಸಾಸ್ಟಿಗೆ 2.5 ಇದ್ರೆ ನಿದ್ದೆ ಬರುತ್ತೆ.

ಕಾರ್ಬ್_ಪ್ರೇಮಿ
ಇದೆಲ್ಲಾ ಇ20 (ನೂರಕ್ಕೆ 20 ಎಥೆನಾಲ್ ಬೆರೆತ) ಪೆಟ್ರೋಲಿನ ಪ್ರಭಾವ. 2004ರ ಗಾಡಿ, ಇ20ಗೆ ಮಾಡಿದ್ದಲ್ಲ. ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗಿ ಒದ್ದಾಡ್ತಿದೆ. ಜೊತೆಗೆ ಇನ್‌ಟೇಕ್ ಗ್ಯಾಸ್ಕೆಟ್ಟಲ್ಲಿ ಗಾಳಿ ಎಳೀತಿರಬಹುದು.

ಲ್ಯಾಂಬ್ಡಾ
ಲೀನ್ ಆದ್ರೆ ಪ್ಲಗ್ ಬಿಳಿ ಬರಬೇಕು ಸ್ವಾಮಿ, ಕಾಡಿಗೆ ಹೇಗೆ ಬಂತು? ಇ20ಗೆ ಗಾಳಿ-ಪೆಟ್ರೋಲ್ ಅನುಪಾತ 14.7 ಬದಲು 13.5 ಹತ್ತಿರ ಬೇಕು, ಅದು ನಿಜ. ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ಸರಿ ಇದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಅಷ್ಟನ್ನ ತಾನೇ ತುಂಬುತ್ತೆ. ಸರಿ ಇಲ್ಲದಿದ್ರೆ ಲೀನ್ ಆಗುತ್ತೆ, ಇಲ್ಲಿ ಆಗಿರೋದು ಅದರ ಉಲ್ಟಾ.

ಇನ್‌ಟೇಕ್ ಲೀಕ್ ವಿಷಯವೂ ಅಷ್ಟೇ. ಈ ಎಂಜಿನ್ ಗಾಳಿ ಅಳೆಯೋದು ಮ್ಯಾಪ್ (ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ನೋಡೋ) ಸೆನ್ಸರಿಂದ. ಥ್ರಾಟಲ್ ಆದ್ಮೇಲೆ ಗಾಳಿ ಒಳಗೆ ಬಂದ್ರೂ ಮ್ಯಾನಿಫೋಲ್ಡ್ ಒತ್ತಡ ಏರುತ್ತೆ, ಇಸಿಯು ಪೆಟ್ರೋಲೂ ಏರಿಸುತ್ತೆ. ಐಡಲ್ ಮೇಲೆ ಹೋಗುತ್ತೆ ಅಷ್ಟೇ. ಕಾರ್ಬ್ಯುರೇಟರ್ ಗಾಡಿಯ ಬುದ್ಧಿ ಇಲ್ಲಿಗೆ ತರಬೇಡಿ.

ಕಾರ್ಬ್_ಪ್ರೇಮಿ
ಕಾರ್ಬ್ಯುರೇಟರಿಗೆ ಬೈಬೇಡಿ. ಸ್ಕ್ರೂಡ್ರೈವರ್ ಒಂದರಲ್ಲಿ ಮುಗೀತಿತ್ತು ಇದು.

ಬೆಲ್ಟ್_ಗುರು
ಕ್ಯಾಮ್ ಹಿಂದೆ ಬಿದ್ರೆ ವ್ಯಾಕ್ಯೂಮ್ ಕಮ್ಮಿ, ಮ್ಯಾಪ್ ರೀಡಿಂಗ್ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪ್ಲಗ್ ಕಪ್ಪು. ನಿಮ್ಮ ಲೆಕ್ಕದಲ್ಲೇ ನಾನು ಹೇಳಿದ್ದು ಸರಿ ಆಗುತ್ತೆ. ಬೆಲ್ಟ್ ನೋಡಿ.

ಲ್ಯಾಂಬ್ಡಾ
ಆಗಬಹುದು, ಒಪ್ತೀನಿ. ಕವರ್ ಬಿಚ್ಚೋ ಮೊದಲು ವ್ಯಾಕ್ಯೂಮ್ ಗೇಜ್ ಹಾಕ್ಲಿ. ಪುತ್ತೂರಿನ ಎತ್ತರಕ್ಕೆ ಐಡಲಲ್ಲಿ 17–20 ಇಂಚು (ಪಾದರಸದ ಲೆಕ್ಕ) ಇರಬೇಕು. ಹಲ್ಲು ತಪ್ಪಿದ್ರೆ 15ರ ಕೆಳಗೆ ನಿಂತಿರುತ್ತೆ.

ಪುತ್ತೂರಿನವರೇ, ಮೂರು ವಿಷಯ ಬೇಕು. ಆಕ್ಸಿಜನ್ ಸೆನ್ಸರ್ ಈಗ ಎಲ್ಲಿದೆ? ಎಷ್ಟು ತಂತಿ? ಎಮಿಷನ್ ಟೆಸ್ಟ್ ಅಂಗಡಿಗೆ ಹೋಗಿ ಐಡಲಿನ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟು ಬರುತ್ತೆ ನೋಡಿ. ಗ್ಯಾಸ್ ಅನಲೈಸರ್ ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗಲ್ಲ.

ಹುಬ್ಳಿ_1600
ಏನ್ರೀ ಇಷ್ಟ ತಲಿ ಕೆಡಸ್ಕೊಳ್ಳೂದು. 85 ಬಿಎಚ್‌ಪಿ ಗಾಡಿಗೆ ಹೆಡ್ಡರ್, ಫಿಲ್ಟರ್ ಹಾಕಿದ್ರ ಐದಾರು ಬಂದ್ರ ದೊಡ್ಡದು. ಹಳೇ ಬಲೆನೊ 1.6 ಎಂಜಿನ್ ಇಳಸ್ರಿ, 94 ಬಿಎಚ್‌ಪಿ, ಅದೂ ಕಂಪನಿ ಟ್ಯೂನ್‌ನಾಗ. ನಮ್ಮ ಗಾಡ್ಯಾಗ ಅದ ಐತಿ, 14 ಇಂಚ್ ಅಲಾಯ್, ಮುಂದ ವೆಂಟಿಲೇಟೆಡ್ ಡಿಸ್ಕ್. ಫೋಟೋ ಹಾಕ್ಲೇನು?

ಪೀಣ್ಯ_ಮಷಿನಿಂಗ್
ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಎರಡೂ ಬದಲಾಗಬೇಕು, ಅದಕ್ಕೆ ಆರ್‌ಟಿಒ ಅನುಮತಿ ಮೊದಲೇ ಬೇಕು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿ. ಇನ್ಶೂರೆನ್ಸ್‌ನವರು ಅದನ್ನೇ ಕಾಯ್ತಿರ್ತಾರೆ.

ಹುಬ್ಳಿ_1600
ಹೆಡ್ ಕೊರದ್ರ ಮಾತ್ರ ಕಾಯ್ದೆ ಒಪ್ಪತೈತೇನ್ರಿ?

ಎಸ್ಟೀಮ್_ಪುತ್ತೂರು
ಜಗಳ ಬೇಡ. ವ್ಯಾಕ್ಯೂಮ್ 18, ಐಡಲ್ ಕುಣಿದಾಗ ಅದೂ 17–19 ಕುಣಿಯುತ್ತದೆ. ಸಿಒ 3.8 ಬಂತು, ಟೆಸ್ಟ್ ಮಾಡುವವ ನನ್ನನ್ನೇ ನೋಡಿದ. ಸೆನ್ಸರ್ ಮೊದಲು ಮ್ಯಾನಿಫೋಲ್ಡಿನಲ್ಲಿ ಇತ್ತು. ಹೆಡ್ಡರಿನಲ್ಲಿ ಜಾಗ ಇರಲಿಲ್ಲ, ಕೆಳಗೆ ನಾಲ್ಕೂ ಪೈಪು ಸೇರುವಲ್ಲಿ ನಟ್ ವೆಲ್ಡ್ ಮಾಡಿಸಿ ಹಾಕಿದ್ದು, ಪೋರ್ಟಿನಿಂದ ಸುಮಾರು 70 ಸೆಂಟಿಮೀಟರ್. ಒಂದೇ ತಂತಿ, ಉದ್ದ ಮಾಡಿದ್ದೇನೆ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕನ್ವರ್ಟರ್) ತೆಗೆದಿದ್ದೇನೆ. ಫ್ಲೇಂಜಿಗೆ (ಹೆಡ್ಡರನ್ನು ಹೆಡ್ಡಿಗೆ ಬೋಲ್ಟ್ ಮಾಡುವ ತಟ್ಟೆ) ಗ್ಯಾಸ್ಕೆಟ್ ಜತೆ ಸಿಲಿಕೋನ್ ಪೇಸ್ಟ್ ಕೂಡ ಹಾಕಿದ್ದು, ಲೀಕ್ ಆಗಬಾರದು ಅಂತ.

ಬೆಲ್ಟ್_ಗುರು
ಗೇಜ್ ಸರಿ ಇದೆಯಾ? ಅಗ್ಗದ ಗೇಜ್ ಎರಡು ಇಂಚು ಸುಳ್ಳು ಹೇಳುತ್ತೆ.

ಲ್ಯಾಂಬ್ಡಾ
ಎರಡು ಇಂಚು ಸುಳ್ಳು ಹೇಳಿದ್ರೂ 16. ಬೆಲ್ಟ್ ಬಿಡಿ ಗುರು.

ಸಿಗಬೇಕಾದದ್ದು ಸಿಕ್ತು. ಬಿಎಸ್-2, ಬಿಎಸ್-3 (ಭಾರತ್ ಸ್ಟೇಜ್ ಎಮಿಷನ್ ಮಟ್ಟ) ಪೆಟ್ರೋಲ್ ಕಾರಿಗೆ ಐಡಲ್ ಸಿಒ ಮಿತಿ 0.5 ಶೇಕಡಾ. 3.8 ಅಂದ್ರೆ ಎಂಜಿನ್ ಪೆಟ್ರೋಲ್ ಕುಡೀತಿದೆ. ಕುಡಿ ಅಂತ ಹೇಳ್ತಿರೋದು ಸೆನ್ಸರ್. ಮಲ್ಟಿಮೀಟರ್ ಕೆಂಪು ವೈರ್ ಸೆನ್ಸರ್ ತಂತಿಗೆ, ಕಪ್ಪು ಬ್ಯಾಟರಿ ನೆಗೆಟಿವಿಗೆ. ಕನೆಕ್ಟರ್ ಬಿಚ್ಚಬೇಡಿ, ಹಿಂದಿನಿಂದ ಸೂಜಿ ಚುಚ್ಚಿ. ಬಿಸಿ ಎಂಜಿನ್ನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ತೂಗಾಡ್ತಾ ಇರಬೇಕು. 0.2ರ ಕೆಳಗೇ ಕೂತಿದ್ರೆ ಅದು ಇಸಿಯುಗೆ "ಗಾಳಿ ಜಾಸ್ತಿ, ಪೆಟ್ರೋಲ್ ಸುರಿ" ಅಂತ ಕೂಗ್ತಿದೆ ಅಂತ ಅರ್ಥ. ಸಿಒ 3.8 ಇರುವಾಗ ಸೆನ್ಸರ್ ಲೀನ್ ಅಂದ್ರೆ ಇಬ್ಬರಲ್ಲಿ ಒಬ್ಬರು ಸುಳ್ಳು. ಅನಲೈಸರ್ ಸುಳ್ಳು ಹೇಳಲ್ಲ.

ಸುಳ್ಳು ಹೇಳೋಕೆ ಕಾರಣ ನೀವೇ ನಾಲ್ಕು ಕೊಟ್ಟಿದ್ದೀರಿ.

ಫ್ಲೇಂಜ್ ಲೀಕ್. ಎಕ್ಸಾಸ್ಟ್ ಅಂದ್ರೆ ಸದಾ ಹೊರಗೆ ಊದುತ್ತೆ ಅಂತ ಅಲ್ಲ, ಎರಡು ಬಡಿತದ ನಡುವೆ ಪೈಪಿನ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಆಗುತ್ತೆ. ಆಗ ಕೂದಲೆಳೆ ಸಂದಿಯಿಂದಲೂ ಗಾಳಿ ಒಳಗೆ ಹೋಗುತ್ತೆ, ಸೆನ್ಸರಿಗೆ ಆಮ್ಲಜನಕ ಕಾಣುತ್ತೆ. ಐಡಲಲ್ಲೇ ಇದು ಜಾಸ್ತಿ. ಮನೆಯಲ್ಲಿ ಮಾಡಿದ 6 ಎಂಎಂ ಫ್ಲೇಂಜ್ ವೆಲ್ಡಿಂಗ್ ಶಾಖಕ್ಕೆ ಬಾಳೆಕಾಯಿ ಥರ ಬಾಗಿರುತ್ತೆ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.1 ಎಂಎಂ ಎಲೆ ಹೋದ್ರೆ ಸರ್ಫೇಸ್ ಗ್ರೈಂಡ್ ಮಾಡಿಸಿ.

ಸಿಲಿಕೋನ್. ಆ ಶಾಖಕ್ಕೆ ಸುಟ್ಟು ಉದುರುತ್ತೆ, ಅದರ ಹೊಗೆ ಸೆನ್ಸರ್ ತುದಿಗೆ ಬಿಳಿ ಪದರ ಹಿಡಿಸಿ ಕೊಲ್ಲುತ್ತೆ. ಅದನ್ನ ಹಾಕಲೇಬಾರದಿತ್ತು.

ದೂರ. ಒಂದು ತಂತಿ ಅಂದ್ರೆ ಹೀಟರ್ ಇಲ್ಲ. 300 ಡಿಗ್ರಿ ದಾಟಿದ್ರೆ ಮಾತ್ರ ಅದು ಕೆಲಸ ಮಾಡೋದು. 70 ಸೆಂಟಿಮೀಟರ್ ಕೆಳಗೆ, ತೆಳು ಪೈಪಲ್ಲಿ, ಐಡಲಲ್ಲಿ ಅಷ್ಟು ಬಿಸಿ ಆಗಲ್ಲ.

ಅರ್ಥ್. ಒಂದು ತಂತಿ ಸೆನ್ಸರಿಗೆ ನೆಗೆಟಿವ್ ಅದರ ಮೈಯೇ. ಸೆನ್ಸರ್ ಮೈಯಿಂದ ಎಂಜಿನ್ ಬ್ಲಾಕಿಗೆ, ಎಂಜಿನ್ ಓಡುವಾಗ, 0.05 ವೋಲ್ಟಿಗಿಂತ ಜಾಸ್ತಿ ತೋರಿಸಬಾರದು.

ಆಕ್ಸಿಜನ್ ಸೆನ್ಸರಿನ ಕೋಡ್ 13 ಯಾಕೆ ಬರಲಿಲ್ಲ ಅಂದ್ರೆ, ಸಿಗ್ನಲ್ ಪೂರ್ತಿ ಸತ್ತರೆ ಮಾತ್ರ ಈ ಹಳೆ ಇಸಿಯು ಆ ಕೋಡ್ ಹಾಕುತ್ತೆ. ಸುಳ್ಳನ್ನ ಅದು ಹಿಡಿಯಲ್ಲ.

ಪೀಣ್ಯ_ಮಷಿನಿಂಗ್
ಫ್ಲೇಂಜ್ ಇನ್ಮೇಲೆ 10 ಎಂಎಂ ಹಾಕಿ. ಗುಜರಿ ಹೆಡ್ ಒಂದಕ್ಕೆ ಬೋಲ್ಟ್ ಮಾಡಿ ವೆಲ್ಡ್ ಮಾಡ್ಬೇಕು, ಪೂರ್ತಿ ತಣ್ಣಗಾಗೋವರೆಗೂ ಬಿಚ್ಚಬಾರದು. ಫೈರಿಂಗ್ ಆರ್ಡರ್ 1-3-4-2, ಹಾಗಾಗಿ 4-2-1ರಲ್ಲಿ 1 ಜೊತೆ 4, 2 ಜೊತೆ 3 ಸೇರಿರಬೇಕು. ಪಕ್ಕಪಕ್ಕದ್ದು ಜೋಡಿಸಿದ್ರೆ ಒಂದರ ಹೊಗೆ ಇನ್ನೊಂದರ ವಾಲ್ವಿಗೆ ಹೊಡೆಯುತ್ತೆ, ಆ 3000ದ ಮುಗ್ಗರಿಕೆ ಅದರಿಂದಲೂ ಇರಬಹುದು. ಪೈಪ್ ಹಿಡ್ಕೊಂಡು ಬೆರಳಲ್ಲಿ ಎಣಿಸಿ.

ಎಸ್ಟೀಮ್_ಪುತ್ತೂರು
ಜೋಡಿ ಸರಿ ಉಂಟು, 1-4, 2-3. ಸೆನ್ಸರ್ ಐಡಲಿನಲ್ಲಿ 0.15ರಲ್ಲೇ ಕೂತಿದೆ. ಫ್ಲೇಂಜಿನಲ್ಲಿ 4ನೇ ಸಿಲಿಂಡರ್ ತುದಿಗೆ 0.35 ಎಂಎಂ ಎಲೆ ಸಲೀಸಾಗಿ ಹೋಯಿತು. ನಾಲ್ಕು ತಂತಿಯ ಸೆನ್ಸರ್ ಹಾಕಿದರೆ ಆಗ್ತದಾ?

ಲ್ಯಾಂಬ್ಡಾ
ಆಗುತ್ತೆ, ಜಿರ್ಕೋನಿಯಾ (ವೋಲ್ಟೇಜ್ ತಾನೇ ಹುಟ್ಟಿಸೋ) ಬಗೆಯದೇ ಇರಬೇಕು ಅಷ್ಟೇ. ಬಾಷ್ ಬಣ್ಣದ ಪ್ರಕಾರ ಬಿಳಿ ಎರಡು ಹೀಟರ್, ಉಲ್ಟಾ ಆದ್ರೂ ಪರವಾಗಿಲ್ಲ. ಕಪ್ಪು ಸಿಗ್ನಲ್, ಬೂದು ನೆಗೆಟಿವ್. ಬೂದನ್ನ ಬ್ಲಾಕಿಗೇ ಕೊಡಿ. ಹೀಟರಿಗೆ ಇಗ್ನಿಷನ್‌ನಿಂದ ರಿಲೇ, 10 ಆಂಪ್ ಫ್ಯೂಸ್. ಸೆನ್ಸರ್ ಮೂತಿ ಗಡಿಯಾರದ 10ರಿಂದ 2ರ ಒಳಗಿನ ದಿಕ್ಕಲ್ಲಿ ಮೇಲಿರಬೇಕು. ಕೆಳಗಿದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೈಪಿನ ನೀರು ಬಿದ್ದು ಒಳಗಿನ ಪಿಂಗಾಣಿ ಬಿರುಕು ಬಿಡುತ್ತೆ. ಪ್ಲಗ್ ಹೊಸದು ಹಾಕಿ, ಮಸಿ ಹಿಡಿದದ್ದು ತೊಳೆದ್ರೂ ಲೋಡಿನಲ್ಲಿ ಮಿಸ್ಸಿಂಗ್ ಹೊಡೆಯುತ್ತೆ.

ಕೋನ್ ಫಿಲ್ಟರ್ ರೇಡಿಯೇಟರ್ ಹಿಂದೆ ಬಯಲಲ್ಲಿ ಇದ್ರೆ ಬಿಸಿ ಗಾಳಿ ಕುಡಿಯುತ್ತೆ, ಸದ್ದು ಬಿಟ್ರೆ ಬೇರೇನೂ ಸಿಗಲ್ಲ. ಕಂಪನಿಯ ಹಳೆ ಫಿಲ್ಟರ್ ಡಬ್ಬಿಯನ್ನೇ ಹಾಕಿ.

ಹುಬ್ಳಿ_1600
ಸದ್ದಿಗೇನ ಹಾಕ್ತಾರ್ರೀ ಅದನ್ನ.

ಎಸ್ಟೀಮ್_ಪುತ್ತೂರು
ಅಪ್‌ಡೇಟ್. ಫ್ಲೇಂಜ್ ಗ್ರೈಂಡ್ ಆಯಿತು, ಸಿಲಿಕೋನ್ ಕೆರೆದು ತೆಗೆದಾಯಿತು, ನಾಲ್ಕು ತಂತಿಯ ಸೆನ್ಸರ್, ಹೊಸ ಪ್ಲಗ್. ಐಡಲ್ 800ರಲ್ಲಿ ನಿಂತಿತು. ಸಿಒ 0.7. ಮುಗ್ಗರಿಕೆ ಇಲ್ಲ. ಆದರೆ ಹೊಸ ಉಪದ್ರ. ಸಂಪಾಜೆ ಘಾಟಿ ಹತ್ತುವಾಗ 3ನೇ ಗೇರಿನಲ್ಲಿ ಟಿಣಿಟಿಣಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ ಸದ್ದು). ಮೊದಲು ಇರಲಿಲ್ಲ. ಘಾಟಿಯ ಮೇಲೆ ಮಡಿಕೇರಿ ಹತ್ತಿರ ಹೋದರೆ ಕಮ್ಮಿ.

ಪೀಣ್ಯ_ಮಷಿನಿಂಗ್
ಮೊದಲೂ ಇತ್ತು ಸಾರ್, ಹೆಚ್ಚುವರಿ ಪೆಟ್ರೋಲ್ ಛೇಂಬರನ್ನ ತಣ್ಣಗಿಟ್ಟು ಮುಚ್ಚಿಹಾಕಿತ್ತು. ಬೆಂಗಳೂರಲ್ಲಿ 10.3 ಕಂಪ್ರೆಷನ್ ಹೇಗೋ ನಡೆಯುತ್ತೆ, ಇಲ್ಲಿ 900 ಮೀಟರ್ ಎತ್ತರ, ಗಾಳಿ ನೂರಕ್ಕೆ ಹತ್ತು ತೆಳು. ನಿಮ್ಮಲ್ಲಿ ಗಾಳಿ ದಪ್ಪ, ಸೆಕೆ ಬೇರೆ. ಇಗ್ನಿಷನ್ ಟೈಮಿಂಗ್ ಎಷ್ಟಿದೆ?

ಎಸ್ಟೀಮ್_ಪುತ್ತೂರು
ಬಾನೆಟ್ ಸ್ಟಿಕ್ಕರಿನಲ್ಲಿ ಇದ್ದದ್ದಕ್ಕಿಂತ 5 ಡಿಗ್ರಿ ಮುಂದೆ. ಪಿಕಪ್ಪಿಗೆ ಅಂತ.

ಲ್ಯಾಂಬ್ಡಾ
ಇದನ್ನೂ ಈಗ ಹೇಳ್ತಿದ್ದೀರಲ್ಲ! ಟೆಸ್ಟ್ ಟರ್ಮಿನಲ್ ಅರ್ಥ್ ಮಾಡಿ ಟೈಮಿಂಗ್ ನಿಲ್ಲಿಸಿ, ಟೈಮಿಂಗ್ ಲೈಟ್ ಹಿಡಿದು, ಸ್ಟಿಕ್ಕರಿಗಿಂತ 2 ಡಿಗ್ರಿ ಹಿಂದೆ ಇಡಿ. ಪ್ಲಗ್ ಹೀಟ್ ರೇಂಜ್ ಎನ್‌ಜಿಕೆಯಲ್ಲಿ 6 ಇದ್ರೆ ಇನ್ನೂ ತಣ್ಣಗಿರೋ 7 ಹಾಕಿ. 95 ಆಕ್ಟೇನ್ ಒಂದು ಟ್ಯಾಂಕ್ ಹಾಕಿ ನೋಡಿ. ಆಮೇಲೂ ಬಂದ್ರೆ ಆ ಗೇರಲ್ಲಿ ಎಳೀಬೇಡಿ, ನಾಕಿಂಗ್ ಜೊತೆ ಓಡಿಸಿದ್ರೆ ಮೊದಲು ಹೋಗೋದು ಪಿಸ್ಟನ್ ರಿಂಗಿನ ಅಂಚು.

ಬೆಲ್ಟ್_ಗುರು
ಅಡ್ಜಸ್ಟೆಬಲ್ ಕ್ಯಾಮ್ ಪುಲ್ಲಿ ಹಾಕ್ಸಿ, ಆ 2 ಡಿಗ್ರಿ ವಾಪಸ್ ತನ್ನಿ. ನಾನು ಮೊದಲಿಂದ ಅದೇ ಹೇಳ್ತಿದ್ದೆ.

ಲ್ಯಾಂಬ್ಡಾ
ನೀವು ಹೇಳಿದ್ದು ಒಂದು ಹಲ್ಲು. ಕ್ಯಾಮ್ ಮುಂದೆ ತಂದ್ರೆ ಇನ್‌ಟೇಕ್ ಬೇಗ ಮುಚ್ಚಿ, ಕೆಳಗಿನ ಆರ್‌ಪಿಎಂನಲ್ಲಿ ಒತ್ತಡ ಇನ್ನೂ ಏರಿ, ನಾಕಿಂಗ್ ಜಾಸ್ತಿ ಆಗುತ್ತೆ. ಈಗ ಹಿಂದೆ ಬಿದ್ದಿರೋದೇ ಅವರ ಪುಣ್ಯ.

ಎಸ್ಟೀಮ್_ಪುತ್ತೂರು
ಟೈಮಿಂಗ್ ಹಿಂದೆ ತಂದೆ, 95 ಹಾಕಿದೆ. ಈಗ 4ನೇ ಗೇರಿನಲ್ಲಿ 2000ದ ಕೆಳಗೆ ಒತ್ತಿದರೆ ಮಾತ್ರ ಸ್ವಲ್ಪ ಕೇಳುತ್ತದೆ. ಎಕ್ಸಿಲರೇಟರ್ ಪೂರ್ತಿ ಒತ್ತಿದರೆ 5000ದ ಮೇಲೆ ಮೊದಲಿಗಿಂತ ಚುರುಕು ಉಂಟು.

ಪೀಣ್ಯ_ಮಷಿನಿಂಗ್
ಅದನ್ನ ಗ್ಯಾಸ್ಕೆಟ್ ದಪ್ಪದಲ್ಲಿ ಸರಿ ಮಾಡೋಕೆ ಹೋಗ್ಬೇಡಿ. ದಪ್ಪ ಗ್ಯಾಸ್ಕೆಟ್ ಹಾಕಿದ್ರೆ ಕಂಪ್ರೆಷನ್ ಇಳಿಯುತ್ತೆ, ಆದ್ರೆ ಸ್ಕ್ವಿಶ್ ಸಂದಿಯೂ ಅಗಲ ಆಗಿ ಮಿಶ್ರಣ ನಿಧಾನ ಉರಿಯುತ್ತೆ, ಕಂಪ್ರೆಷನ್ ಇಳಿಸಿ ಗಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಗುತ್ತೆ. ಹೆಡ್ ಇನ್ನೊಮ್ಮೆ ಇಳಿಸೋವಾಗ ಛೇಂಬರಿನ ಚೂಪು ಅಂಚುಗಳನ್ನ ಎಮರಿ ಪೇಪರಲ್ಲಿ ದುಂಡಗೆ ಮಾಡಿ, ಸಿರಿಂಜಲ್ಲಿ ಅಳೆದು ನಾಲ್ಕರ ಸಿಸಿ ಇಲ್ಲಿ ಹಾಕಿ.

ಹುಬ್ಳಿ_1600
ಅದಿರ್ಲಿ, ಆ ತಗದ ಒರಿಜಿನಲ್ ಕ್ಯಾಟ್ ಕೊಡ್ತೀರೇನ್ರಿ? ನಮ್ಮ 1600ಗೆ ಎಮಿಷನ್ ಪಾಸ್ ಆಗವಲ್ದು.

ಎಸ್ಟೀಮ್_ಪುತ್ತೂರು
ಇಲ್ಲ ಮಾರಾಯ್ರೆ. 0.7 ಇದ್ದದ್ದು 0.5ರ ಒಳಗೆ ಬರಬೇಕಲ್ಲ, ಅದನ್ನೇ ವಾಪಸು ಹಾಕಲಿಕ್ಕೆ ಇಟ್ಟಿದ್ದೇನೆ.