ರಿಸೆಪ್ಷನ್‌ನಲ್ಲಿ ಕೂರೋಳು ಇಂಜೆಕ್ಷನ್ ಕೊಡಬಹುದಾ?

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ – ಅಡ್ಮಿನ್): ಮೇಡಂ, ಪಿಯುಸಿ ಆರ್ಟ್ಸ್ ಮುಗಿಸಿ ನಮ್ಮೂರ ಕ್ಲಿನಿಕ್ಕಲ್ಲಿ ಚೀಟಿ ಬರೆಯೋ ಕೆಲಸಕ್ಕೆ ಸೇರಿದೆ. ಈಗ ಡಾಕ್ಟ್ರು ಸೊಂಟಕ್ಕೆ ಇಂಜೆಕ್ಷನ್ ಹಾಕೋದು, ಡ್ರಿಪ್ ಏರಿಸೋದು ಕಲಿಸ್ತಿದ್ದಾರೆ. "ನಾನು ಇಲ್ಲೇ ಇರ್ತೀನಲ್ಲ, ಭಯ ಯಾಕೆ" ಅಂತಾರೆ. ಪೇಟೇಲಿ ಆರು ತಿಂಗಳ ನರ್ಸಿಂಗ್ ಸರ್ಟಿಫಿಕೇಟ್ ಕೋರ್ಸ್ ಇದೆಯಂತೆ, ಅದು ಮಾಡ್ಕೊಂಡ್ರೆ ಸಾಕಾ?

ಉತ್ತರ (ನರ್ಸಿಂಗ್ ಅಧ್ಯಾಪಕಿ): ಸಾಲದಮ್ಮ. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಎರಡು ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರು, ಬಿಎಸ್ಸಿ ನರ್ಸಿಂಗ್ ನಾಲ್ಕು. ಇದರಲ್ಲಿ ಒಂದು ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದರೇನೇ ನರ್ಸ್. ಆರು ತಿಂಗಳ ಕೋರ್ಸಿಗೆ ಚಂದದ ಸರ್ಟಿಫಿಕೇಟ್ ಕೊಡ್ತಾರೆ, ನೋಂದಣಿ ನಂಬರ್ ಸಿಗಲ್ಲ.

ಡಾಕ್ಟ್ರು ಪಕ್ಕದಲ್ಲಿದ್ದ ಮಾತ್ರಕ್ಕೆ ಅವರ ಲೈಸೆನ್ಸ್ ನಿಮ್ಮ ಕೈಗೆ ಬರಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಓದಿ. ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದಲೇ ಆದರೆ 2 ವರ್ಷದವರೆಗೆ. ಆ ರಿಯಾಯಿತಿ ಅವರಿಗಿದೆ, ನಿಮಗಿಲ್ಲ. ಕ್ಲಿನಿಕ್ ಮಾಲೀಕರಾಗಿ ಅವರ ಮೇಲೂ ಕೇಸ್ ಬರುತ್ತೆ ಅನ್ನೋದು ಬೇರೆ ಮಾತು.

ತೂಕ, ಜ್ವರ, ಬಿಪಿ ನೋಡಿ ಬರೆದಿಡಿ, ಯಾರೂ ಏನೂ ಅನ್ನಲ್ಲ. ಸೂಜಿ, ಡ್ರಿಪ್, ಹೊಲಿಗೆ ಮುಟ್ಟಬೇಡಿ.

ಇನ್ನೊಬ್ಬರು: ನಮ್ಮೂರ ಕಾಂಪೌಂಡರ್ ಮಾವ ಮೂವತ್ತು ವರ್ಷದಿಂದ ಹಾಕ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ!

ಉತ್ತರ: ಆಗಿದ್ದರೂ ಅವರ ಕಿವಿಗೆ ಬಿದ್ದಿರಲ್ಲ ಸರ್. ಪೃಷ್ಠವನ್ನ ನಾಲ್ಕು ಭಾಗ ಮಾಡಿದರೆ ಸೂಜಿ ಹೋಗಬೇಕಾದ್ದು ಮೇಲಿನ ಹೊರಭಾಗಕ್ಕೆ. ಸ್ವಲ್ಪ ಒಳಕ್ಕೋ ಕೆಳಕ್ಕೋ ಸರಿದರೆ ಕಾಲಿಗೆ ಇಳಿಯೋ ದೊಡ್ಡ ನರಕ್ಕೆ (ಸಯಾಟಿಕ್ ನರ) ತಗಲುತ್ತೆ. ಪಾದ ಮೇಲಕ್ಕೆತ್ತೋಕೆ ಆಗಲ್ಲ, ಚಪ್ಪಲಿ ಕಾಲಿನಿಂದ ಜಾರುತ್ತೆ, ಬೆರಳು ನೆಲಕ್ಕೆ ಉಜ್ಜುತ್ತೆ. ಮನೆಯವರು "ಲಕ್ವ ಹೊಡೀತು" ಅಂದ್ಕೊಂಡು ಬೇರೆ ಊರಿಗೆ ಕರ್ಕೊಂಡು ಹೋಗ್ತಾರೆ. ಇನ್ನು ಔಷಧಿ ಒಗ್ಗದೆ ಬಿಪಿ ಕುಸಿದರೆ, ಆಗ ಜೀವ ಉಳಿಸೋ ಅಡ್ರಿನಲಿನ್ ಇಂಜೆಕ್ಷನ್ ಎಷ್ಟು, ಎಲ್ಲಿಗೆ ಅಂತ ಆ ಕ್ಷಣಕ್ಕೆ ಗೊತ್ತಿರಬೇಕು. ಚುಚ್ಚೋದು ಯಾರಾದರೂ ಒಂದು ವಾರದಲ್ಲಿ ಕಲೀತಾರೆ, ಇದನ್ನೆಲ್ಲ ಕಲಿಯೋಕೇ ವರ್ಷಗಟ್ಟಲೆ ಓದು.

ಒಬ್ಬ ವೈದ್ಯರು: ಮೇಡಂ ಹೇಳೋದು ಸರಿ. ಆದರೆ ಹೋಬಳಿ ಕ್ಲಿನಿಕ್ಕಿಗೆ ಜಿಎನ್‌ಎಂ ಆದವರು ಬರಲ್ಲ, ಬಂದರೂ ನಿಲ್ಲಲ್ಲ. ಏನು ಮಾಡೋಣ?

ಉತ್ತರ: ನಿಮ್ಮ ಕಷ್ಟ ನಿಜ ಸರ್. ನರ್ಸ್ ಸಿಗೋವರೆಗೆ ನೀವೇ ಹಾಕಿ, ಎರಡು ನಿಮಿಷದ ಕೆಲಸ. ಡ್ರಿಪ್ ಬೇಕಾದವರನ್ನ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ನಿಜ ಹೇಳಬೇಕಂದ್ರೆ, ಸುಸ್ತು ಅಂತ ಬಂದವರಿಗೆಲ್ಲ ಗ್ಲೂಕೋಸ್ ಏರಿಸೋದು ಕಮ್ಮಿಯಾದರೆ ಈ ಕೊರತೆಯಲ್ಲಿ ಅರ್ಧ ತಾನಾಗೇ ಕಮ್ಮಿ ಆಗುತ್ತೆ.

ಪ್ರಶ್ನೆ ಕೇಳಿದವರು: ಇಲ್ಲ ಅಂದ್ರೆ ಕೆಲಸ ಹೋಗುತ್ತೇನೋ ಮೇಡಂ. ಬಳಸಿದ ಸಿರಿಂಜ್ ತೆಗೆದು ಹಾಕೋದೂ ನಾನೇ.

ಉತ್ತರ: "ಸರ್, ಕೌನ್ಸಿಲ್ ನಂಬರ್ ಇಲ್ದೆ ಮಾಡಿದ್ರೆ ನಿಮಗೂ ತೊಂದರೆ" ಅಂತ ಹೇಳಿ, ಅವರ ಹಿತಕ್ಕೆ ಹೇಳಿದ ಹಾಗಿರಲಿ. ಸೂಜಿಗೆ ವಾಪಸ್ ಕ್ಯಾಪ್ ಹಾಕಬೇಡಿ, ನೇರವಾಗಿ ಸೂಜಿಗಳಿಗೆ ಅಂತಲೇ ಇರೋ ಬಿಳಿ ಡಬ್ಬಿಗೆ ಹಾಕಿ. ಆ ಕಸ ಮುಟ್ಟೋರಿಗೆ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸೋದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಕ್ಲಿನಿಕ್‌ನವರ ಹೊಣೆ. ಹೆಪಟೈಟಿಸ್ ಬಿ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಾಳೆ ಹೋದ ತಕ್ಷಣ ಇದನ್ನ ಕೇಳಿ. ಮತ್ತೆ ಆರ್ಟ್ಸ್ ಆದರೂ ಜಿಎನ್‌ಎಂಗೆ ಅರ್ಜಿ ಹಾಕಬಹುದು, ಪಿಯುಸಿಯಲ್ಲಿ ಇಂಗ್ಲಿಷ್ ಇದ್ದು ಶೇ. 40 ಅಂಕ ಇರಬೇಕು. ಫೀಸ್ ಕಟ್ಟೋಕೆ ಮುಂಚೆ ಆ ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯಾ ನೋಡ್ಕೊಳ್ಳಿ.