ಟ್ರಾವೆಲ್ ಟ್ರೇಲರ್ ಟೈರ್: ಗ್ರಿಪ್ ಚೆನ್ನಾಗಿದ್ದರೆ ಸಾಕಾ?

ರಘು, ಡಾಲಸ್
ಎಲ್ಲರಿಗೂ ನಮಸ್ಕಾರ. ಈಚೆಗೆ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ತಗೊಂಡೆವು. 24 ಅಡಿ, ಎರಡು ಆಕ್ಸಲ್. ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅಮರಿಲೋವರೆಗೆ ಹೋಗಿ, ಅಲ್ಲಿಂದ ಐ-40 ಹೆದ್ದಾರಿ ಹಿಡಿದು ಗ್ರ್ಯಾಂಡ್ ಕ್ಯಾನ್ಯನ್ ನೋಡುವ ಪ್ಲಾನ್. ಟೈರ್ ಅಳತೆ ಎಸ್‌ಟಿ (ಟ್ರೇಲರ್‌ಗೆಂದೇ ಮಾಡಿದ ಟೈರ್) 205/75 ಆರ್14, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ. ಟೈರಿನ ಪಕ್ಕದಲ್ಲಿ ಒತ್ತಿರುವ ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ 1418. ಗ್ರಿಪ್ ಹೊಸದರ ಹಾಗೇ ಇದೆ. ಮಾರಿದವರು "ಓಡಿಸಿದ್ದೇ ಕಮ್ಮಿ, ಇನ್ನೂ ಐದು ವರ್ಷ ಬರುತ್ತೆ" ಎಂದರು. ಆಫೀಸಿನ ಗೆಳೆಯ "ಚೈನಾ ಟೈರ್, ಇವತ್ತೇ ಬಿಸಾಕು" ಅಂತಾನೆ. ಯಾರ ಮಾತು ಕೇಳಲಿ?

ವೀಣಾ, ಫೀನಿಕ್ಸ್
1418 ಅಂದರೆ 2018ರ 14ನೇ ವಾರ ತಯಾರಾದ ಟೈರ್. ಏಳು ವರ್ಷ ದಾಟಿದೆ ರಘು. ದಯವಿಟ್ಟು ಇದರ ಮೇಲೆ ಹೋಗಬೇಡಿ.

ನಮ್ಮ ಹಿಂದಿನ ಟ್ರೇಲರ್‌ದೂ ಇದೇ ಕಥೆ. ಗ್ರಿಪ್ ತುಂಬಾ ಚೆನ್ನಾಗಿತ್ತು. ಕಿಂಗ್‌ಮನ್ ಹತ್ತಿರ ಮಧ್ಯಾಹ್ನದ ಬಿಸಿಲಲ್ಲಿ ಟೈರಿನ ಮೇಲಿನ ಪಟ್ಟಿ (ನೆಲಕ್ಕೆ ತಾಗುವ ಭಾಗ) ಪೂರ್ತಿ ಕಿತ್ತುಕೊಂಡು ಬಂತು. ಪಟ್ಟಿ ತಿರುಗುತ್ತಾ ಕೆಳಗಿನಿಂದ ಬಡಿದ ಹೊಡೆತಕ್ಕೆ ಚಕ್ರದ ಮೇಲಿನ ಫೆಂಡರ್ ಹಾರಿಹೋಯಿತು, ತಳದ ಶೀಟ್ ಹರಿಯಿತು, ಅಡುಗೆ ಗ್ಯಾಸಿನ ಪೈಪ್ ಬಗ್ಗಿತು. ನಮ್ಮವರು ಇಳಿದು ಮೊದಲು ಮಾಡಿದ ಕೆಲಸ ಸಿಲಿಂಡರ್ ಬಂದ್ ಮಾಡಿದ್ದು. ಪೈಪ್ ಒಡೆದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ.

ಗಿರೀಶ್, ಷಾರ್ಲೆಟ್
ವೀಣಾ ಅವರೇ, ನಿಮಗಾದದ್ದು ಕೇಳಿ ಬೇಜಾರಾಯಿತು. ಆದರೆ ಇಷ್ಟು ವರ್ಷಕ್ಕೆ ಬಿಸಾಕಿ ಅಂತ ಎಲ್ಲರಿಗೂ ಹೇಳುವುದು ಸರಿಯಲ್ಲ. ಅರಿಜೋನಾ ಬಿಸಿಲೇ ಬೇರೆ. ಟೈರ್‌ಗೆ ಕವರ್ ಹಾಕಿ ನೆರಳಲ್ಲಿ ನಿಲ್ಲಿಸಿದ್ದರೆ ರಬ್ಬರ್ ಬೇಗ ಹಾಳಾಗಲ್ಲ. ಗಂಟೆಗೆ 60 ಮೈಲಿ ದಾಟಬೇಡಿ, ಪ್ರೆಷರ್ ತೋರಿಸುವ ಸೆನ್ಸರ್ ಹಾಕಿಕೊಳ್ಳಿ. ನಾಲ್ಕು ಟೈರಿಗೆ ಸುಮ್ನೆ ದುಡ್ಡು ಯಾಕೆ?

ಮಂಜಣ್ಣ, ತುಮಕೂರು (ಟೈರ್ ಅಂಗಡಿ)
ಗಿರೀಶ್ ಸರ್, ಕವರ್ ಹಾಕೋದು ಒಳ್ಳೇದೇ. ಆದರೆ ನಿಂತ ಗಾಡಿಯ ಟೈರ್ ಉಳಿಯುತ್ತೆ ಅನ್ನೋದು ತಪ್ಪು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಒಡೆಯುತ್ತೆ. ಅದನ್ನು ತಡೆಯೋಕೆ ರಬ್ಬರ್ ಒಳಗೇ ಒಂದು ಮೇಣ ಸೇರಿಸಿರ್ತಾರೆ. ಟೈರ್ ಉರುಳಿ ಮಡಚಿ ಬಿಚ್ಚಿದರೆ ತಾನೇ ಅದು ಮೇಲಕ್ಕೆ ಬರೋದು? ವರ್ಷಕ್ಕೆ ಹತ್ತು ತಿಂಗಳು ಒಂದೇ ಕಡೆ ನಿಂತರೆ ಆ ರಕ್ಷಣೆ ಸಿಗಲ್ಲ. ಇಲ್ಲಿ ಮದುವೆ ಸೀಸನ್‌ನಲ್ಲಿ ಮಾತ್ರ ಹೊರಗೆ ಬರುವ ವ್ಯಾನ್‌ಗಳಲ್ಲೂ ಇದನ್ನೇ ನೋಡ್ತೀನಿ. ಮೇಲೆ ತಳುಕು, ಒಳಗೆ ಹುಳುಕು.

ರಘು ಸರ್, ಟೈರಿನ ಪಕ್ಕದ ಗೋಡೆಯನ್ನು ಟಾರ್ಚ್ ಬಿಟ್ಟು ನೋಡಿ, ಒಳಗಡೆ ಮುಖವನ್ನೂ ಬಿಡಬೇಡಿ. ಕೂದಲೆಳೆ ಬಿರುಕು ಕಂಡರೆ ಮುಗೀತು. ಕಾಣದಿದ್ದರೂ ಒಳಗಿನ ಸ್ಟೀಲ್ ಬೆಲ್ಟ್ ಬಿಟ್ಟಿರೋದು ಹೊರಗಿಂದ ಗೊತ್ತಾಗಲ್ಲ.

ಶಶಿ, ಹೂಸ್ಟನ್
ಇಲ್ಲಿ ಟ್ರೇಲರ್ ಇಟ್ಟವರು ಚೀನಾದ ಅಗ್ಗದ ಟೈರ್‌ಗಳಿಗೆ "ಚೈನಾ ಬಾಂಬ್" ಅಂತಲೇ ಹೆಸರಿಟ್ಟಿದ್ದಾರೆ, ಸುಮ್ಮನೆ ಬಂದ ಹೆಸರಲ್ಲ. ಟ್ರೇಲರ್ ಕಟ್ಟುವವರು ಎಲ್ಲಕ್ಕಿಂತ ಅಗ್ಗದ ಟೈರ್ ಹಾಕಿ ಕಳಿಸುತ್ತಾರೆ. ಅಮೆರಿಕದಲ್ಲೇ ತಯಾರಾಗುವ ಗುಡ್‌ಇಯರ್ ಎಂಡ್ಯೂರೆನ್ಸ್ ಹಾಕಿಸಿ, ನೆಮ್ಮದಿಯಾಗಿರಿ.

ಪ್ರಕಾಶ್, ಸ್ಯಾನ್ ಹೋಸೆ
ಶಶಿ, ಎಂಡ್ಯೂರೆನ್ಸ್ ಒಳ್ಳೆಯ ಟೈರ್, ಅದರಲ್ಲಿ ತಕರಾರಿಲ್ಲ. ಆದರೆ ದೇಶ ನೋಡಿ ತೀರ್ಮಾನ ಮಾಡಬೇಡಿ. 2000ನೇ ಇಸವಿಯಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್‌ಗಳಲ್ಲಿ ಪಟ್ಟಿ ಕಿತ್ತು ಜನ ಸತ್ತರಲ್ಲ, 65 ಲಕ್ಷ ಫೈರ್‌ಸ್ಟೋನ್ ಟೈರ್ ವಾಪಸ್ ಕರೆದರಲ್ಲ, ಅವುಗಳಲ್ಲಿ ಹೆಚ್ಚು ಹೆಸರು ಕೆಟ್ಟವು ಇಲಿನಾಯ್‌ನ ಡಿಕೇಟರ್ ಕಾರ್ಖಾನೆಯವು. ಇನ್ನೊಂದು ಕಡೆ ಭಾರದ ಫಿಫ್ತ್ ವೀಲ್ (ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೆ ಕೂರಿಸಿ ಎಳೆಯುವ ದೊಡ್ಡ ಟ್ರೇಲರ್) ಎಳೆಯುವವರು ಹುಡುಕಿಕೊಂಡು ಹೋಗುವ ಸೈಲನ್ ಎಸ್637 ಟೈರ್ ಚೀನಾ ಕಂಪನಿಯದು.

ಆ ಗಲಾಟೆ ಆದಮೇಲೆ ಕಾರ್ ಟೈರ್‌ಗಳ ಪರೀಕ್ಷೆ ಬಿಗಿ ಮಾಡಿದರು, ಅಮೆರಿಕ ಸರ್ಕಾರದ 139ನೇ ಸುರಕ್ಷತಾ ನಿಯಮ ಬಂತು. ಎಸ್‌ಟಿ ಟೈರ್‌ಗಳನ್ನು ಅದರಿಂದ ಹೊರಗಿಟ್ಟು ಹಳೆಯ 119ರಲ್ಲೇ ಬಿಟ್ಟರು. ಕಾರಿಗೆ ಪ್ರೆಷರ್ ಸೆನ್ಸರ್ ಕಡ್ಡಾಯ, ಟ್ರೇಲರ್‌ಗೆ ಅಲ್ಲ. ಮನೆಯಷ್ಟು ಸಾಮಾನು ಹೊರುವ ಗಾಡಿಗೆ ಸಡಿಲ ಕಾನೂನು! ನನಗೆ ಸಿಟ್ಟು ಬರೋದು ಇಲ್ಲಿ.

ಈಗ ರಘು ಅವರ ಲೆಕ್ಕ. ಈ ಅಳತೆಯ ಸಿ ಟೈರ್ 50 ಪಿಎಸ್‌ಐ ಗಾಳಿಯಲ್ಲಿ 1760 ಪೌಂಡ್ ಹೊರುತ್ತದೆ. ಎರಡು ಸೇರಿದರೆ 3520. ಇಂಥ ಟ್ರೇಲರಿನ ಆಕ್ಸಲ್ ಸಾಮಾನ್ಯವಾಗಿ 3500 ಪೌಂಡ್ ಹೊರುವಂಥದ್ದು. ಮಿಕ್ಕಿದ್ದು 20 ಪೌಂಡ್! ನೀರಿನ ಟ್ಯಾಂಕ್ 40 ಗ್ಯಾಲನ್ ತುಂಬಿಸಿದರೆ ಅದೇ ಸುಮಾರು 330 ಪೌಂಡ್. ಅಡುಗೆಮನೆ, ಫ್ರಿಜ್ ಎಲ್ಲ ಒಂದೇ ಪಕ್ಕ ಇದ್ದರೆ ಆ ಕಡೆ ಟೈರಿಗೆ ಭಾರ ಇನ್ನೂ ಜಾಸ್ತಿ. ಗಾಳಿ ಐದು ಪಿಎಸ್‌ಐ ಇಳಿದರೂ ಸಾಕು, ಟೈರಿನ ತಾಕತ್ತಿಗಿಂತ ಹೊರೆ ಹೆಚ್ಚಾಗಿ ಕಾವೇರುತ್ತದೆ. ಟೈರನ್ನು ಕೊಲ್ಲುವುದು ಆ ಕಾವು. ಯಾವ ದೇಶದ್ದಾದರೂ ಅಷ್ಟೇ.

ಅದೇ ಅಳತೆಯಲ್ಲಿ ಲೋಡ್ ರೇಂಜ್ ಡಿ ಸಿಗುತ್ತದೆ: 65 ಪಿಎಸ್‌ಐಗೆ 2040 ಪೌಂಡ್. ಅದನ್ನೇ ಹಾಕಿಸಿ. ಹೊರಡುವ ಮುಂಚೆ ಸಾಮಾನೆಲ್ಲ ತುಂಬಿಕೊಂಡು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ತಕ್ಕಡಿ) ಮೇಲೆ ತೂಕ ಮಾಡಿಸಿ.

ಗಿರೀಶ್, ಷಾರ್ಲೆಟ್
20 ಪೌಂಡಿನ ಲೆಕ್ಕ ನೋಡಿ ನನಗೂ ದಿಗಿಲಾಯಿತು. ಆದರೂ ಸೆನ್ಸರ್ ಇದ್ದರೆ ಮೊದಲೇ ಗೊತ್ತಾಗಲ್ವಾ?

ವೀಣಾ, ಫೀನಿಕ್ಸ್
ಗಾಳಿ ನಿಧಾನವಾಗಿ ಇಳಿದರೆ ಗೊತ್ತಾಗುತ್ತದೆ. ಕಾವೇರಿದರೂ ತೋರಿಸುತ್ತದೆ. ಪಟ್ಟಿ ಕಿತ್ತುಬರುವಾಗ ಗಾಳಿ ಸರಿಯಾಗೇ ಇರುತ್ತದೆ ಗಿರೀಶ್. ಸೆನ್ಸರ್ ಬೇಕೇ ಬೇಕು, ಆದರೆ ಹಳೇ ಟೈರಿಗೆ ಅದು ಮದ್ದಲ್ಲ.

ರಘು, ಇನ್ನೊಂದು ಮಾತು. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ. ಮಧ್ಯಾಹ್ನ ಪ್ರೆಷರ್ ಏರುವುದು ಸಹಜ, ಆಗ ಗಾಳಿ ಹೊರಗೆ ಬಿಡಬೇಡಿ. ಐ-40ರಲ್ಲಿ ಎಲ್ಲರೂ 75ರಲ್ಲಿ ಹೋಗುತ್ತಾರೆ. ವೇಗದ ಮಿತಿ ಹೇಳುವ ಗುರುತು ಮೇಲೆ ಇಲ್ಲದ ಎಸ್‌ಟಿ ಟೈರ್‌ಗೆ 65 ಮೈಲಿಯೇ ಮಿತಿ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವಾಗ ಕಾನೂನೇ 55.

ರಘು, ಡಾಲಸ್
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕೂ ಬದಲಾಯಿಸುತ್ತೇನೆ, ಡಿ ರೇಂಜ್. ಟಾರ್ಚ್ ಹಿಡಿದು ಕೆಳಗೆ ನುಗ್ಗಿ ನೋಡಿದೆ ಮಂಜಣ್ಣ, ಒಳಗಿನ ಮುಖದಲ್ಲಿ ಬಿರುಕಿದೆ, ಹೊರಗಡೆ ಒಂದೂ ಇಲ್ಲ. ರಿಮ್ ಹಿಂದೆ 1870 ಪೌಂಡ್ ಅಂತ ಒತ್ತಿದ್ದಾರೆ. ಡಿ ಹಾಕಿದರೆ ತೊಂದರೆ ಇದೆಯಾ?

ಪ್ರಕಾಶ್, ಸ್ಯಾನ್ ಹೋಸೆ
ಹಾಗಾದರೆ ನಿಮ್ಮ ಮಿತಿ 1870, 2040 ಅಲ್ಲ. ಒಂದು ಆಕ್ಸಲ್‌ಗೆ 3740 ಆಯಿತು, 3500ಕ್ಕೆ ಸಾಕು. ಟೈರ್ ಮಾತ್ರ ಆರಾಮಾಗಿ ಓಡುತ್ತದೆ. 65 ಪಿಎಸ್‌ಐ ಗಾಳಿ ಆ ರಿಮ್ ತಡೆಯುತ್ತದಾ ಅಂತ ರಿಮ್ ಮಾಡಿದ ಕಂಪನಿಯನ್ನು ಕೇಳಿ, ಅಂದಾಜಿನ ಮೇಲೆ ತುಂಬಿಸಬೇಡಿ.

ಮಂಜಣ್ಣ, ತುಮಕೂರು (ಟೈರ್ ಅಂಗಡಿ)
ಟೈರ್ ಹಾಕಿಸುವಾಗ ವಾಲ್ವ್ ಕೂಡ ಹೊಸದು, ಲೋಹದ್ದೇ ಹಾಕಿಸಿ ಸರ್. ಸಾಧಾರಣ ರಬ್ಬರ್ ವಾಲ್ವ್‌ಗೆ 65ಕ್ಕೆ ಮಿತಿ ಮುಗಿಯುತ್ತೆ, ಮೇಲೆ ಸೆನ್ಸರಿನ ಭಾರ ಬೇರೆ. 50 ಮೈಲಿ ಓಡಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ. ಆಮೇಲೆ ಸ್ಟೆಪ್ನಿ ತೆಗೆದು ಅದರ ನಾಲ್ಕು ಅಂಕಿ ಓದಿ ಹೇಳಿ, ಅದೂ 2018ರದ್ದೇ ಆಗಿರಬಹುದು.